ಅರ್ಧ ಬಣ್ಣದಲ್ಲಿ ಹಿಡಿದ ವಿಮಾನ

ನನ್ನ ಒಂದು ಬಿಳಿ ಅಂಗಿಯ ಬಲ ಭುಜದ ಮೇಲೆ ಅಂಗೈಯಗಲದ ಕೆಂಪು ಕಲೆಯಿದೆ. ಸೋಪು, ಲಿಂಬೆಹುಳಿ, ಎರಡು ದಿನದ ಬಿಸಿಲು, ಹೆಂಡತಿಯ ಬೈಗುಳ, ಯಾವುದಕ್ಕೂ ಅದು ಜಗ್ಗಿಲ್ಲ. ಮೊನ್ನೆ ನೆಲ ಒರೆಸುವುದಕ್ಕೆಂದು ಹಳೆಯ ಬಟ್ಟೆಗಳನ್ನು ಹರಿಯುತ್ತಿದ್ದ ಅವಳು ಆ ಅಂಗಿಗೂ ಕೈ ಹಾಕಿದಳು. ನಾನು ಪೇಪರು ಬಿಸಾಡಿ ಓಡಿಹೋಗಿ ಕಿತ್ತುಕೊಂಡೆ. ಕಿತ್ತುಕೊಂಡು ನಿಂತರೆ ಕಣ್ಣು ತಾನಾಗಿ ಗೋಡೆಯ ಗಡಿಯಾರದ ಕಡೆಗೆ ಹೋಗಿದೆ.

"ಎಂತ ಆಯ್ತು ನಿಮಗೆ? ಅಂಗಿ ಅಷ್ಟೇ ಅಲ್ವಾ?" ಎಂದಳು.

ಅಂಗಿ ಅಷ್ಟೇ ಅಲ್ಲ. ಮುಂಬಯಿ ವಿಮಾನ ನಿಲ್ದಾಣದಲ್ಲಿ ನಾನು ಕಳೆದ ಒಂದು ಗಂಟೆ ಆ ಭುಜದ ಮೇಲೆ ಕೂತಿದೆ. ತಿಂಗಳುಗಳಾದರೂ ಇಳಿದಿಲ್ಲ. ತರಗತಿಯಲ್ಲಿ ಸಮೀಕರಣ ಬಿಡಿಸುವಾಗ ನಡುವೆ ಬಂದು ಕೂರುತ್ತದೆ. ಸ್ನಾನಕ್ಕೆ ನೀರು ಎರೆದುಕೊಳ್ಳುವಾಗ ಬರುತ್ತದೆ. ನಿಮಗೂ ಒಮ್ಮೆ ಹೇಳಿಬಿಟ್ಟರೆ ಸ್ವಲ್ಪ ಹಗುರವಾದೀತೇನೋ ಎಂದು ಕೂತಿದ್ದೇನೆ.

ಮೊದಲು ನಮ್ಮ ಕಡೆಯ ಬಸ್ಸಿನ ವಿಷಯ ಹೇಳಬೇಕು. ಎಲ್ಲದಕ್ಕೂ ಮೂಲ ಅದೇ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಎಂಟೂ ಹತ್ತರ ಬೆಳ್ತಂಗಡಿ ಬಸ್ಸು ಎಂಟೂ ಹತ್ತಕ್ಕೆ ಸರಿಯಾಗಿ ಬರುತ್ತಿತ್ತು. ಹೊರಡುತ್ತಿದ್ದುದು ಮಾತ್ರ ಜನ ಬಂದ ಮೇಲೆ. ಗದ್ದೆಯ ಆಚೆ ಬದಿಯಲ್ಲಿ ಒಂದು ಕೊಡೆ ಮೇಲೆದ್ದರೆ ಸಾಕು, ಕಂಡಕ್ಟರ್ ಬಾಯಿಂದ ಸೀಟಿ ತೆಗೆದು "ಜನ ಉಂಟು!" ಎಂದು ಡ್ರೈವರಿಗೆ ಕೂಗುತ್ತಿದ್ದ. ಕೊಡೆ ಗದ್ದೆಯಂಚಿನ ಹುಣಿಯ ಮೇಲೆ ಬಳುಕುತ್ತಾ, ತೋಡು ದಾಟಿ, ದರೆ ಹತ್ತಿ ಬರುವವರೆಗೆ ಬಸ್ಸು ಗುರುಗುಟ್ಟುತ್ತಾ ನಿಲ್ಲುತ್ತಿತ್ತು. ನನ್ನ ಅಜ್ಜಿ ಒಮ್ಮೆ ಬಸ್ಸು ಹತ್ತಿದ ಮೇಲೆ ಎಲೆ ಅಡಿಕೆಯ ಚೀಲ ಮರೆತದ್ದು ನೆನಪಾಗಿ ಇಳಿದು, ಮನೆಗೆ ಹೋಗಿ, ಚೀಲದ ಜೊತೆಗೆ ಕಂಡಕ್ಟರನಿಗೆ ಎರಡು ಬಾಳೆಹಣ್ಣು ತಂದಿದ್ದರು. ಬಸ್ಸು ಅಲ್ಲೇ ನಿಂತಿತ್ತು. ಹೀಗೆ ಬೆಳೆದವನಿಗೆ ವಾಹನ ಎಂಬುದು ಮನುಷ್ಯರಿಗಾಗಿ ನಿಲ್ಲುತ್ತದೆ ಎಂಬ ನಂಬಿಕೆ ಎಲುಬಿನೊಳಗೆ ಇಳಿದಿರುತ್ತದೆ. ಪದವಿ ಓದಿದರೂ ಹೋಗುವುದಿಲ್ಲ.

ಆದ್ದರಿಂದಲೇ ಮಸ್ಕತ್ತಿನಿಂದ ಬರುವ ವಿಮಾನ ಮುಂಬಯಿಯಲ್ಲಿ ಇಳಿಯುವುದಕ್ಕೂ ಮಂಗಳೂರಿನ ವಿಮಾನ ಹೊರಡುವುದಕ್ಕೂ ನಡುವೆ ಎರಡೂವರೆ ಗಂಟೆ ಇದೆ ಎಂದು ಕಂಡಾಗ ನಾನು "ಬೇಕಾದಷ್ಟಾಯ್ತು" ಎಂದು ಟಿಕೇಟು ಮಾಡಿಸಿದ್ದು.

ನಾನು ಬಂಟ್ವಾಳ ಪೇಟೆಯಿಂದ ಸ್ವಲ್ಪ ಒಳಗಿರುವ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ರಜೆಯ ದಿನಗಳಲ್ಲಿ ಮೂಡಬಿದಿರೆಯ ಒಂದು ಹವ್ಯಾಸಿ ಯಕ್ಷಗಾನ ತಂಡದ ಕಾರ್ಯದರ್ಶಿ. ವೇಷವನ್ನೂ ಮಾಡುತ್ತೇನೆ, ಹೆಚ್ಚಾಗಿ ದೂತನದ್ದು. ದೂತನಿಗೆ ಎರಡೇ ಕೆಲಸ: ಓಡಿ ಬರುವುದು, "ಅಪ್ಪಣೆ" ಎಂದು ಓಡಿ ಹೋಗುವುದು. ಮಸ್ಕತ್ತಿನಲ್ಲಿರುವ ನಮ್ಮೂರವರು ತಂಡವನ್ನು ಕರೆಸಿದಾಗ ನಾವು ಜೊತೆಗೆ ನಾರಾವಿಯ ಶೀನಣ್ಣನನ್ನು ಕರೆದುಕೊಂಡು ಹೋದೆವು. ಶೀನಣ್ಣ ಹವ್ಯಾಸಿಯಲ್ಲ, ಮೇಳದಲ್ಲಿ ನಲುವತ್ತು ವರ್ಷ ತಿರುಗಾಟ ಮಾಡಿ ನಿವೃತ್ತರಾದವರು. ಅವರದ್ದು ಬಣ್ಣದ ವೇಷ, ಅಂದರೆ ಮುಖ ತುಂಬ ಬಣ್ಣ ಬರೆದುಕೊಂಡು ಬರುವ ರಕ್ಕಸ.

ಈ ರಕ್ಕಸನನ್ನು ನಾನು ಮೊದಲು ಕಂಡದ್ದು ಆರು ವರ್ಷದವನಿದ್ದಾಗ. ಆತ ರಾಳ ಎರಚಿದ ಬೆಂಕಿಯ ನಡುವಿನಿಂದ ಆರ್ಭಟಿಸುತ್ತಾ ಸಭೆಯೊಳಗೇ ನುಗ್ಗಿ ಬಂದ. ನಾನು ಎದ್ದು ಓಡಿದವನು ನಿಂತದ್ದು ಚರುಮುರಿಯವನ ಮೇಜಿನ ಅಡಿಯಲ್ಲಿ. ಮುಂದಿನ ಸಲ ಹತ್ತಿರದಲ್ಲಿ ಯಕ್ಷಗಾನದ ಆಟವಾದಾಗ ಅಪ್ಪ ನನ್ನನ್ನು ಚೌಕಿಗೆ, ಎಂದರೆ ವೇಷ ಕಟ್ಟುವ ಚಪ್ಪರಕ್ಕೆ, ಕರೆದುಕೊಂಡು ಹೋದರು. ಅಲ್ಲಿ ಚಾಪೆಯ ಮೇಲೆ ಒಬ್ಬ ಸಪೂರ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈಯಷ್ಟು ಕನ್ನಡಿ ಹಿಡಿದು, ಹಿಡಿಸೂಡಿ ಪೊರಕೆಯ ಕಡ್ಡಿಯಿಂದ ಕಣ್ಣಿನ ಸುತ್ತ ಗೆರೆ ಎಳೆಯುತ್ತಿದ್ದರು. "ಓಡಿದ್ದು ಇವನೇಯಾ?" ಎಂದು ನಕ್ಕರು. ನಾನು ಧೈರ್ಯ ಮಾಡಿ, ಇದನ್ನೆಲ್ಲ ಯಾವಾಗ ತೊಳೆಯುತ್ತೀರಿ ಎಂದು ಕೇಳಿದೆ.

"ರಂಗಸ್ಥಳಕ್ಕೆ ಹೋಗಿ ಬಂದ ಮೇಲೆ. ಬಣ್ಣ ಮುಟ್ಟಿದ ಮುಖವನ್ನು ಅದಕ್ಕಿಂತ ಮೊದಲು ತೊಳೆಯುವ ಹಾಗಿಲ್ಲ ಮಗಾ. ನನ್ನ ಗುರುಗಳ ಕಟ್ಟಳೆ."

ಕಟ್ಟಳೆ ಬರಿಯ ಬಾಯಿಮಾತಲ್ಲ. ಒಮ್ಮೆ ಬೆಳ್ತಂಗಡಿ ಬದಿಯಲ್ಲಿ ಆಟ ಶುರುವಾಗುವ ಮೊದಲೇ ಜಡಿಮಳೆ ಬಂದು ಸಭೆಯೆಲ್ಲ ಖಾಲಿಯಾಯಿತಂತೆ. ಉಳಿದವರು ಮುಖ ಒರೆಸಿಕೊಂಡು ಲಾರಿ ಹತ್ತಿದರೂ ಶೀನಣ್ಣ ಒಬ್ಬರೇ ಪೂರ್ತಿ ಬಣ್ಣದಲ್ಲಿ ಕೆಸರಿನ ರಂಗಸ್ಥಳಕ್ಕೆ ಹೋಗಿ, ಕಟ್ಟಿಹಾಕಿದ ಒಂದು ದನದ ಎದುರು ಮೂರು ಸುತ್ತು ಕುಣಿದು ಬಂದೇ ಮುಖ ತೊಳೆದರಂತೆ. ದನ ಆಮೇಲೆ ಮೂರು ದಿನ ಹಾಲು ಕೊಡಲಿಲ್ಲ ಎಂದು ಅವರೇ ಹೇಳುತ್ತಾರೆ.

ಇನ್ನು ಅಕ್ಕನ ವಿಷಯ. ನನ್ನ ಅಕ್ಕನನ್ನು ಮುಂಡಾಜೆಗೆ ಕೊಟ್ಟದ್ದು. ಆರು ವರ್ಷದ ಹಿಂದೆ ಭಾವ ಚಾರ್ಮಾಡಿಯ ತಿರುವಿನಲ್ಲಿ ಬೈಕಿನಿಂದ ಬಿದ್ದು ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಅಕ್ಕ ಹರಕೆ ಹೇಳಿಕೊಂಡಳು: ಇವರು ಎದ್ದು ಬಂದರೆ ಮನೆಯಂಗಳದಲ್ಲಿ ಆಟ ಆಡಿಸುತ್ತೇನೆ, ಇವರಿಗೆ ಇಷ್ಟವಾದ ಶೀನಣ್ಣನದ್ದೇ ಬಣ್ಣದ ವೇಷ. ಭಾವ ಎದ್ದರು, ಕೋಲು ಹಿಡಿದು ನಡೆದರು. ಮೇಳಕ್ಕೆ ಹೆಸರು ಕೊಟ್ಟು, ಸರದಿ ಕಾದು, ಕೊನೆಗೆ ಈ ವರ್ಷ ದಿನ ಸಿಕ್ಕಿತು. ಅಷ್ಟರಲ್ಲಿ ಶೀನಣ್ಣ ನಿವೃತ್ತರಾಗಿದ್ದರು. ಅಕ್ಕ ಮೇಳದವರ ಕೈಕಾಲು ಹಿಡಿದು, ಆ ಒಂದು ವೇಷಕ್ಕೆ ಅವರನ್ನು ಅತಿಥಿಯಾಗಿ ಒಪ್ಪಿಸಿದಳು. ಹಾಗಿರುವಾಗ ಆಟದ ವಾರದಲ್ಲೇ ನಾನು ಶೀನಣ್ಣನನ್ನು ಸಮುದ್ರದಾಚೆ ಸಾಗಿಸಿದೆ.

"ಬೇಡ ಸದಾಶಿವ. ಹೆಚ್ಚುಕಡಿಮೆ ಆದರೆ ನಾನು ಯಾರಿಗೆ ಹೇಳುವುದು?" ಎಂದಿದ್ದಳು ಅಕ್ಕ.

"ಹಿಂದಿನ ದಿನವೇ ಬಂದಾಗ್ತದೆ ಅಕ್ಕ. ನಾನಿಲ್ಲವಾ?" ಎಂದಿದ್ದೆ.

ಹಿಂದಿನ ದಿನ ತಂಡದವರೆಲ್ಲ ನೇರ ವಿಮಾನದಲ್ಲಿ ಬಂದಾಯಿತು, ನಮ್ಮಿಬ್ಬರ ಹೊರತು. ಅಲ್ಲಿನ ಮಕ್ಕಳಿಗೆ ಶೀನಣ್ಣ ಮುಖವರ್ಣಿಕೆ ಕಲಿಸಬೇಕೆಂದು ಸಂಘಟಕರು ಒಂದು ದಿನ ಹಿಡಿದಿಟ್ಟರು. ಅವರು ಪ್ರೀತಿಯಿಂದ ಕೇಳಿದರು, ನಾನು ಗತ್ತಿನಿಂದ ಒಪ್ಪಿದೆ. ಮರುದಿನದ ನೇರ ವಿಮಾನದಲ್ಲಿ ಜಾಗವಿರಲಿಲ್ಲ. ಮುಂಬಯಿ ಮೇಲೆ ಬಂದರೆ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಮಂಗಳೂರು, ಸಂಜೆ ಆರರೊಳಗೆ ಮುಂಡಾಜೆ. ಬಣ್ಣ ಬರೆಯಲು ಮೂರು ಗಂಟೆ. ರಕ್ಕಸನ ಪ್ರವೇಶ ಒಂಬತ್ತಕ್ಕೆ. ಲೆಕ್ಕ ಸರಿಯಾಗಿತ್ತು. ಲೆಕ್ಕದ ಮಾಷ್ಟ್ರನಲ್ಲವೇ?

ಬುದ್ಧಿವಂತಿಕೆ ಅಲ್ಲಿಗೇ ನಿಂತಿದ್ದರೆ ಸಾಕಿತ್ತು. ಹೊರಡುವ ಮೊದಲು ಶೀನಣ್ಣನ ಬಣ್ಣದ ಪೆಟ್ಟಿಗೆ ತೆರೆದು ನೋಡಿದೆ. ಅದು ತಗಡಿನ ಸಣ್ಣ ಟ್ರಂಕು. ಒಳಗೆ ಕೆಂಪು, ಹಳದಿ, ಕಪ್ಪುಗಳ ಭರಣಿಗಳು, ತೆಂಗಿನೆಣ್ಣೆಯ ಸೀಸೆ. ಮುಖಕ್ಕೆ ಬಳಿಯುವ ಬಿಳಿ ಪುಡಿ, ಅವರು ಸಫೇತು ಎನ್ನುವುದು, ಮೊಮ್ಮಗುವಿನ ಹಾಲುಪುಡಿ ಡಬ್ಬದಲ್ಲಿತ್ತು. ಡಬ್ಬದಲ್ಲಿ ಹಾಲುಪುಡಿ ಎಂದಿದೆ, ಒಳಗಿರುವುದು ಬೇರೆ. ಯಾರಾದರೂ ಕೇಳಿದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲವೇ? ಪ್ರಾಮಾಣಿಕತೆಯ ಆವೇಶದಲ್ಲಿ ಆ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಪುಡಿಯನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಚೆಲ್ಲಬಾರದೆಂದು ಇನ್ನೊಂದು ಕಪ್ಪು ತೊಟ್ಟೆಯಲ್ಲಿ ಸುತ್ತಿ, ಮೇಲೆ ಕಂದು ಟೇಪನ್ನು ಅಡ್ಡಡ್ಡ ಉದ್ದುದ್ದ ಬಿಗಿದು, ಹೆಸರಿಲ್ಲದ ಡಬ್ಬದೊಳಗೆ ಅದುಮಿದೆ.

"ಚಂದ ಆಯ್ತು ಮಾಷ್ಟ್ರೇ, ಈಗ ಒಂದು ಚಿಟಿಕೆ ಹೊರಗೆ ಬರ್ಲಿಕ್ಕಿಲ್ಲ" ಎಂದರು ಶೀನಣ್ಣ.

ಇದು ಕಲಾ ಪ್ರದರ್ಶನದ ಸಾಮಾನು ಎಂದು ಸಂಘಟಕರು ಕೊಟ್ಟಿದ್ದ ಕಾಗದ ಹಿಂದಿನ ದಿನವೇ ತಂಡದವರ ಜೊತೆಗೆ ಊರಿಗೆ ಹೋಗಿತ್ತು.

ವಿಮಾನ ಮುಂಬಯಿಯ ಮೇಲೆ ಬಂತು. ಇಳಿಯಲಿಲ್ಲ. ಬಾಗಿ ಒಂದು ಸುತ್ತು ಹಾಕಿತು, ಮತ್ತೊಂದು ಹಾಕಿತು.

"ಇದೆಂತ ಮಾಷ್ಟ್ರೇ, ಪ್ರದಕ್ಷಿಣೆಯಾ?"

"ಕೆಳಗೆ ಇಳಿಯಲಿಕ್ಕೆ ಜಾಗ ಇಲ್ಲವಂತೆ ಶೀನಣ್ಣ."

"ಓ, ನಮ್ಮ ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನ ಹಾಗೆ" ಎಂದು ಅವರು ಸಮಾಧಾನದಿಂದ ಕಿಟಕಿಯ ಹೊರಗೆ ನೋಡಿದರು.

ಹತ್ತೂ ನಲುವತ್ತಕ್ಕೆ ಇಳಿಯಬೇಕಾದದ್ದು ಇಳಿದಾಗ ಹನ್ನೊಂದೂ ಮೂವತ್ತೈದು. ಬಾಗಿಲು ತೆರೆಯುವಾಗ ಹನ್ನೊಂದೂ ಮುಕ್ಕಾಲು. ಮಂಗಳೂರಿನ ವಿಮಾನ ಒಂದೂ ಹತ್ತಕ್ಕೆ. ಆದರೆ ಸಾಮಾನು ತೆಗೆದುಕೊಳ್ಳುವುದನ್ನು ಹನ್ನೆರಡೂ ಇಪ್ಪತ್ತೈದಕ್ಕೆ ನಿಲ್ಲಿಸುತ್ತಾರೆ, ಗೇಟನ್ನು ಹನ್ನೆರಡೂ ನಲುವತ್ತೈದಕ್ಕೆ ಮುಚ್ಚುತ್ತಾರೆ. ಮುಂದಿನ ವಿಮಾನ ಮರುದಿನ. ಹೊರದೇಶದಿಂದ ಬಂದವರು ಮುಂಬಯಿಯಲ್ಲಿ ಪಾಸ್‌ಪೋರ್ಟಿನ ಸಾಲು ದಾಟಿ, ತಮ್ಮ ಪೆಟ್ಟಿಗೆ ತಾವೇ ಎತ್ತಿಕೊಂಡು, ಸುಂಕದವರ ಎದುರಿನಿಂದ ಹಾದು, ಮತ್ತೆ ಆ ಪೆಟ್ಟಿಗೆಯನ್ನು ಒಪ್ಪಿಸಿ, ಮತ್ತೆ ತಪಾಸಣೆಗೆ ನಿಲ್ಲಬೇಕು ಎಂದು ನನಗೆ ಗೊತ್ತಾದದ್ದು ಸೀಟಿನಿಂದ ಎದ್ದು ನಿಂತ ಮೇಲೆ, ಪಕ್ಕದವರ ಬಾಯಿಂದ.

ನಮ್ಮ ಸೀಟು ಹಿಂದಿನಿಂದ ಮೂರನೆಯ ಸಾಲು. ಎದುರು ಇಡೀ ವಿಮಾನ ಎದ್ದು ನಿಂತಿತ್ತು. "ದಾರಿ ಬಿಡಿ, ನಮಗೆ ಬೇರೆ ವಿಮಾನ ಉಂಟು!" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದೆ. ನಾಲ್ಕು ಸಾಲು ಮುಂದಿನಿಂದ ಒಬ್ಬರು ತಿರುಗಿಯೂ ನೋಡದೆ, "ಎಲ್ಲರಿಗೂ ಉಂಟು ಮಾರ್ರೆ, ಇಲ್ಲಿ ಯಾರೂ ಮನೆ ಕಟ್ಟಿ ಕೂರುವುದಿಲ್ಲ" ಎಂದರು.

ಹೊರಗೆ ಬಿದ್ದ ಕೂಡಲೇ ಓಟ. ನೆಲವೇ ಮುಂದೆ ಹರಿಯುವ ಉದ್ದನೆಯ ಪಟ್ಟಿಯ ಮೇಲೆ ಶೀನಣ್ಣನನ್ನು ಹತ್ತಿಸಿದೆ. ಅವರು ಕೈಕಟ್ಟಿ, ಉತ್ಸವಮೂರ್ತಿಯ ಹಾಗೆ ನಿಂತು, ಅಕ್ಕಪಕ್ಕದ ಗೋಡೆಯ ಚಿತ್ರಗಳನ್ನು ನೋಡುತ್ತಾ ತೇಲಿದರು. ನಾನು ಬದಿಯ ಗಟ್ಟಿ ನೆಲದಲ್ಲಿ ಎರಡು ಚೀಲ ಹೊತ್ತು ಓಡಿದೆ. ಪಾಸ್‌ಪೋರ್ಟಿನ ಸಾಲು ಪುಣ್ಯಕ್ಕೆ ಬೇಗ ಸರಿಯಿತು. ಸಾಮಾನಿನ ಪಟ್ಟಿಯಲ್ಲಿ ಕೈಗೆ ಸಿಕ್ಕಿದ ಮೂರನೆಯದ್ದೇ ನಮ್ಮ ಪೆಟ್ಟಿಗೆ! ಹನ್ನೆರಡೂ ಆರು. ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ? ಟ್ರಂಕನ್ನು ಅಪ್ಪಿಕೊಂಡೆ. ಇನ್ನು ಹಸಿರು ದಾರಿ, ಅಂದರೆ ಸುಂಕ ಕಟ್ಟುವಂಥದ್ದೇನೂ ಇಲ್ಲದವರ ದಾರಿ. ನಮ್ಮಲ್ಲಿ ಏನಿದೆ ಮಣ್ಣು!

"ರುಕಿಯೇ. ಯೇ ಕಿಸ್ಕಾ ಹೈ?"

ನಿಲ್ಲಿ, ಇದು ಯಾರದ್ದು ಎಂಬ ಆ ದನಿ ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಬಿಳಿ ಸಮವಸ್ತ್ರದ ಒಬ್ಬರು ಅಧಿಕಾರಿ, ನನ್ನ ಅಕ್ಕನ ವಯಸ್ಸಿನ ಹೆಂಗಸು. ಯಂತ್ರದೊಳಗೆ ಹಾದು ಬಂದ ಟ್ರಂಕಿಗೆ ಬೆರಳು ತೋರಿಸಿದರು. ತೆರೆಸಿದರು. ಡಬ್ಬ ತೆಗೆದರು. ಡಬ್ಬದೊಳಗಿನಿಂದ ನನ್ನ ಕೈಚಳಕದ ಕಪ್ಪು ಗಂಟು ಹೊರಗೆ ಬಂತು. ಅದನ್ನು ಮೇಜಿನ ಮೇಲಿಟ್ಟು ಟೇಪು ಕತ್ತರಿಸಿದರು. ಒಂದು ಸುತ್ತು, ಎರಡು ಸುತ್ತು. ಒಂದೊಂದು ಸುತ್ತು ಬಿಚ್ಚುವಾಗಲೂ ಅವರ ಮುಖ ಗಂಭೀರವಾಗುತ್ತಾ ಹೋಯಿತು. ಕೊನೆಗೆ ನುಣ್ಣನೆಯ, ಹಾಲಿನಂಥ, ಅರ್ಧ ಕಿಲೋ ಬಿಳಿ ಪುಡಿ.

ಇದೇನು ಎಂದು ಹಿಂದಿಯಲ್ಲಿ ಕೇಳಿದರು. ಹತ್ತನೆಯ ತರಗತಿಯಲ್ಲಿ ನನಗೆ ಹಿಂದಿಯಲ್ಲಿ ತೊಂಬತ್ತೆರಡು ಅಂಕ. ಅಷ್ಟೂ ಆವಿಯಾಗಿತ್ತು.

"ಮೇಡಂ, ಯೇ ರಾಕ್ಷಸ್ ಬನ್ನೇ ಕಾ ಪೌಡರ್ ಹೈ."

ಇದು ರಕ್ಕಸನಾಗುವ ಪುಡಿ ಎಂದು ಹೇಳಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಕ್ಯಾ ಬನ್ನೇ ಕಾ?"

"ರಾಕ್ಷಸ್. ಖಾನೇ ಸೇ ನಹೀ, ಲಗಾನೇ ಸೇ." ತಿಂದರೆ ಅಲ್ಲ, ಹಚ್ಚಿಕೊಂಡರೆ.

ಅವರು ಪಕ್ಕದವರನ್ನು ಕರೆದು, ಪರೀಕ್ಷಿಸುವ ಕಿಟ್ ತರಿಸಲು ಹೇಳಿದರು. ನಮ್ಮಿಬ್ಬರ ಪಾಸ್‌ಪೋರ್ಟ್ ಅವರ ಕೈಯಲ್ಲಿ. ಕಿಟ್ ಇನ್ನೊಂದು ಕೌಂಟರಿನಿಂದ ಬರಬೇಕು. ಹನ್ನೆರಡೂ ಹತ್ತು. ಅವರು ಮಾಡಿದ್ದು ಸರಿಯೇ. ಅವರ ಜಾಗದಲ್ಲಿ ನಾನಿದ್ದರೆ ನನ್ನನ್ನು ಆಗಲೇ ಕಂಬಕ್ಕೆ ಕಟ್ಟುತ್ತಿದ್ದೆ. ನನ್ನ ತಲೆಯಲ್ಲಿ ನಾಳೆಯ ಪೇಪರು ಅಚ್ಚಾಗತೊಡಗಿತ್ತು: ಬಂಟ್ವಾಳದ ಗಣಿತ ಶಿಕ್ಷಕನ ಕರಾಮತ್ತು. ಶಾಲೆಯ ಸ್ಟಾಫ್ ರೂಮು ಕಂಡಿತು. ಆಮೇಲೆ ಅಕ್ಕನ ಅಂಗಳ ಕಂಡಿತು. ಚಪ್ಪರ ಹಾಕಿ, ಕುರ್ಚಿ ಇಡಿಸಿ, ಊರಿಗೆಲ್ಲ ಬನ್ನಿರೆಂದು ಹೇಳಿಕೆ ಕೊಟ್ಟು ಗೇಟಿನ ಕಡೆ ನೋಡುತ್ತಾ ನಿಂತಿರುವ ಅಕ್ಕ.

ತಿರುಗಿ ನೋಡಿದರೆ ಶೀನಣ್ಣ ನೆಲದ ಮೇಲೆ ಕೂತಿದ್ದಾರೆ.

ಮೇಜಿನ ಕಾಲಿಗೆ ಒರಗಿ ಚಕ್ಕಳಮಕ್ಕಳ ಹಾಕಿ, ತೆರೆದ ಟ್ರಂಕಿಗೆ ಕೈಮುಗಿದು, ಕನ್ನಡಿ ತೊಡೆಯ ಮೇಲಿಟ್ಟುಕೊಂಡು, ಅಂಗೈಯಲ್ಲಿ ಕೆಂಪನ್ನು ಎಣ್ಣೆಯೊಡನೆ ಕಲಸುತ್ತಿದ್ದಾರೆ.

"ಶೀನಣ್ಣ! ಎಂತ ಮಾಡ್ತಾ ಇದ್ದೀರಿ?"

"ಅವರು ಎಂತಕ್ಕೆ ಎಂದು ಕೇಳಿದರಲ್ಲ. ತೋರಿಸುವ."

"ಬಾಯಲ್ಲಿ ಹೇಳಿದರೆ ಸಾಕು! ಕೈ ಮೇಲೆ ಹಚ್ಚಿ ತೋರಿಸಿ!"

"ಕೈ ಮೇಲೆ ರಕ್ಕಸ ಬರುವುದಿಲ್ಲ ಮಾಷ್ಟ್ರೇ" ಎಂದು ಎಡ ಕೆನ್ನೆಗೆ ಮೊದಲ ಬಣ್ಣ ಎಳೆದೇಬಿಟ್ಟರು. ಆಮೇಲೆ, ನನಗೆ ಮಾತ್ರ ಕೇಳುವಂತೆ, "ಕೈ ನಡುಗ್ತದೆ ಮಾರಾಯ್ರೆ. ಬಣ್ಣ ಹಿಡಿದರೆ ನಿಲ್ತದೆ."

ನಿಂತಿತು. ನಾನು ನೋಡುತ್ತಿದ್ದಂತೆಯೇ ನಿಂತಿತು. ನೆತ್ತಿಯಿಂದ ಗದ್ದದವರೆಗೆ ಒಂದು ನೇರ ಗೆರೆ ಎಳೆದು ಮುಖವನ್ನು ಇಬ್ಭಾಗ ಮಾಡಿದರು. ಎಡದ್ದಕ್ಕೆ ಕೆಂಪು, ಹುಬ್ಬಿನ ಮೇಲೆ ಕಪ್ಪು ಜ್ವಾಲೆ. ಅಧಿಕಾರಿಯ ಕಡೆಗೆ ಕೈಚಾಚಿ, ದೇವಸ್ಥಾನದಲ್ಲಿ ಪ್ರಸಾದ ಬೇಡುವ ಹಾಗೆ, ಒಂದು ಚಿಟಿಕೆ ಬಿಳಿ ಪುಡಿಗಾಗಿ ಕಾದರು. ಆ ಹೆಂಗಸು ಒಂದು ಕ್ಷಣ ತಡೆದು, ಬೇಡವೆಂದು ತಲೆಯಾಡಿಸಿದರು. ಶೀನಣ್ಣ ಬೇಸರಪಡದೆ ಹಳದಿಯಿಂದ ಕಣ್ಣು ತಿದ್ದತೊಡಗಿದರು. ಸುತ್ತ ಸಾಲು ನಿಂತಿತ್ತು. ಟ್ರಾಲಿಗಳು ನಿಂತಿದ್ದವು. ಯಾರೋ ಮಗುವನ್ನು ಹೆಗಲಿಗೆ ಏರಿಸಿಕೊಂಡರು. ಎಡಗಣ್ಣು ಮಾತ್ರ ದೊಡ್ಡದಾಗುತ್ತಾ, ದೊಡ್ಡದಾಗುತ್ತಾ, ಆ ಮುದುಕರ ಮುಖದಿಂದ ಬೇರೆ ಯಾರೋ ಹೊರಗೆ ನೋಡತೊಡಗಿದರು.

ಕಿಟ್ ಬಂತು. ಒಂದು ಸಣ್ಣ ಕೊಳವೆಯಲ್ಲಿ ಪುಡಿ ಹಾಕಿ ಅಲ್ಲಾಡಿಸಿದರು. ಬಣ್ಣ ಬದಲಾಗಲಿಲ್ಲ. ಮತ್ತೊಮ್ಮೆ ಮಾಡಿದರು. ಆಗಲೂ ಇಲ್ಲ. ಅಧಿಕಾರಿ ಪಾಸ್‌ಪೋರ್ಟುಗಳನ್ನು ನನ್ನ ಕೈಗಿಟ್ಟು, ಇನ್ನು ಮೇಲೆ ಹೀಗೆ ಸುತ್ತಬೇಡಿ, ಹೆಸರು ಬರೆಯಿರಿ ಎಂದರು. ನಾನು ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದೆ. ಆಮೇಲೆ ಅವರು ಶೀನಣ್ಣನ ಕಡೆ ನೋಡಿ ಮೊದಲ ಸಲ ನಕ್ಕು, "ಬಾಬಾ, ಜಾಯಿಯೇ. ಭಾಗಿಯೇ!" ಎಂದರು, ಹೋಗಿ, ಓಡಿ ಎಂದು.

ಹನ್ನೆರಡೂ ಇಪ್ಪತ್ತೆರಡು. ಓಡಿದೆವು. ಸಾಮಾನು ಒಪ್ಪಿಸುವ ಕೌಂಟರಿನ ಹುಡುಗಿ ಇನ್ನೇನು ಫಲಕ ತಿರುಗಿಸಿಡುವುದರಲ್ಲಿದ್ದಳು. ಶೀನಣ್ಣನ ಮುಖ ನೋಡಿದಳು. ಟ್ರಂಕಿಗೆ ಚೀಟಿ ಅಂಟಿಸಿ, "ವಿಂಡೋ ಆರ್ ಐಲ್?" ಎಂದಳು. ಮುಂಬಯಿಯವರು ಏನೆಲ್ಲ ನೋಡಿರುತ್ತಾರೋ.

ಟ್ರಂಕು ರಬ್ಬರಿನ ಪರದೆಯೊಳಗೆ ಮಾಯವಾದ ಮೇಲೆ ನನಗೆ ಹೊಳೆಯಿತು: ಬಣ್ಣ ತೆಗೆಯುವ ತೆಂಗಿನೆಣ್ಣೆಯೂ ಅದರೊಳಗೇ ಹೋಯಿತು.

ತಪಾಸಣೆಯ ಬಾಗಿಲಲ್ಲಿ ಗುರುತು ನೋಡುವ ಜವಾನ, ಪಾಸ್‌ಪೋರ್ಟಿನ ಫೋಟೋ ನೋಡಿ, ಶೀನಣ್ಣನನ್ನು ನೋಡಿ, ಮತ್ತೆ ಫೋಟೋ ನೋಡಿದ. ಪಕ್ಕಕ್ಕೆ ಸರಿಯಿರಿ, ಮುಖ ಒರೆಸಿ ಬನ್ನಿ ಎಂದ. ನಾನು ಕರವಸ್ತ್ರ ತೆಗೆದೆ. ಹನ್ನೆರಡೂ ಮೂವತ್ತು.

ಶೀನಣ್ಣ ಒಂದು ಹೆಜ್ಜೆ ಹಿಂದೆ ಸರಿದರು. "ಆಗ್ಲಿಕ್ಕಿಲ್ಲ."

"ಶೀನಣ್ಣ, ದಮ್ಮಯ್ಯ. ಇದು ಕೆಸರಿನ ಗದ್ದೆಯಲ್ಲ, ವಿಮಾನ. ವಿಮಾನ ನಿಲ್ಲುವುದಿಲ್ಲ."

"ನಿಲ್ಲದಿದ್ದರೆ ಹೋಗ್ಲಿ. ಹರಕೆಯ ಆಟದ ದಿನ ಮುಟ್ಟಿದ ಬಣ್ಣ ಮಾಷ್ಟ್ರೇ. ದಾರಿಯಲ್ಲಿ ಒರೆಸಿ ಹೋದರೆ ನಾನು ನಿಮ್ಮ ಅಕ್ಕನ ಅಂಗಳಕ್ಕೆ ಎಂತ ಮುಖ ಹೊತ್ತು ಹೋಗುವುದು?"

"ವಿಮಾನ ತಪ್ಪಿದರೆ ಅಂಗಳವೇ ಇಲ್ಲವಲ್ಲ!"

ಮಕ್ಕಳಿಗೆ ಬೆತ್ತ ತೋರಿಸದ ಮನುಷ್ಯ ನಾನು. ಆ ಕ್ಷಣ ಅರುವತ್ತೆಂಟು ವರ್ಷದ ಹಿರಿಯರನ್ನು ಹಿಡಿದು ಮುಖ ಉಜ್ಜಿಬಿಡಲೇ ಎಂದು ಕೈ ಮುಂದೆ ಹೋದದ್ದು ನಿಜ. ಅದನ್ನು ನೆನೆದರೆ ಈಗಲೂ ನನಗೆ ನನ್ನದೇ ಹೆದರಿಕೆಯಾಗುತ್ತದೆ. ಶೀನಣ್ಣ ನನ್ನ ಕೈಯನ್ನೇ ನೋಡಿದರು. ಅವರ ಬಲಗಣ್ಣಿನಲ್ಲಿ ನೀರು ತುಂಬಿತ್ತು, ಎಡಗಣ್ಣು ಉರಿಯುತ್ತಿತ್ತು. ನಾನು ಕರವಸ್ತ್ರವನ್ನು ಕಿಸೆಗೆ ತುರುಕಿದೆ.

ಆಗ ಅವರು ಹೆಗಲಿನ ಬೈರಾಸು, ಅಂದರೆ ಟವೆಲು, ತೆಗೆದರು. ಮದುಮಗಳು ಸೆರಗು ಎಳೆದುಕೊಳ್ಳುವ ಹಾಗೆ ಅದನ್ನು ಎಡ ಅರ್ಧಕ್ಕೆ ಇಳಿಬಿಟ್ಟು, ಬಲ ಅರ್ಧವನ್ನು ಜವಾನನ ಎದುರಿಗೆ ಹಿಡಿದು, ತಮಗೆ ಬರುವ ಒಂದೇ ಹಿಂದಿಯಲ್ಲಿ "ಆಧಾ ದೇಖೋ" ಎಂದರು, ಅರ್ಧ ನೋಡು ಎಂದು.

ಜವಾನ ಮೇಲಿನವರನ್ನು ಕರೆದ. ಮೀಸೆಯ ಆ ಮನುಷ್ಯ ಬಂದು ಪಾಸ್‌ಪೋರ್ಟನ್ನು ಶೀನಣ್ಣನ ಬಲ ಕಿವಿಯ ಪಕ್ಕಕ್ಕೇ ಹಿಡಿದರು. ಕಿವಿ ನೋಡಿದರು. ಹುಬ್ಬಿನ ಮೇಲಿನ ಮಚ್ಚೆ ನೋಡಿದರು. ಹೆಬ್ಬೆರಳಿನಿಂದ ಫೋಟೋದ ಎಡ ಅರ್ಧವನ್ನು ಮುಚ್ಚಿ ಮತ್ತೆ ನೋಡಿದರು. ನಾಟಕದವರಾ ಎಂದು ನನ್ನನ್ನು ಕೇಳಿದರು. ಹೌದು ಎಂದೆ, ಯಕ್ಷಗಾನಕ್ಕೂ ನಾಟಕಕ್ಕೂ ಇರುವ ವ್ಯತ್ಯಾಸ ವಿವರಿಸುವ ಚಟವನ್ನು ಜೀವನದಲ್ಲಿ ಮೊದಲ ಬಾರಿ ನುಂಗಿಕೊಂಡೆ. ಸೀಲು ಬಿತ್ತು.

ಹನ್ನೆರಡೂ ನಲುವತ್ತು. ಗೇಟು ಉದ್ದನೆಯ ಸಾಲಿನ ಕೊನೆಯಲ್ಲಿ. ನನ್ನ ಬೂಟಿನ ದಾರ ಬಿಚ್ಚಿತ್ತು. ಅಂಗಡಿಗಳು, ಅತ್ತರು, ಕಾಫಿಯ ಪರಿಮಳ, ಕುರ್ಚಿಗಳಲ್ಲಿ ಕೂತವರ ಮುಖಗಳು ಗೆರೆಯಾಗಿ ಹಿಂದೆ ಹೋಗುತ್ತಿದ್ದವು. ದೂತನ ವೇಷಕ್ಕೆ ಕಲಿತ ಓಟವೆಲ್ಲ ಖರ್ಚಾಗಿತ್ತು. ದೂರದಲ್ಲಿ ಗೇಟಿನ ಹೆಂಗಸು ಕಾಗದಗಳನ್ನು ಜೋಡಿಸಿ, ಪಟ್ಟಿಯೊಂದನ್ನು ಅಡ್ಡ ಎಳೆಯಲು ಕೈ ಹಾಕಿದ್ದು ಕಂಡಿತು. ಕೂಗಲು ನನ್ನಲ್ಲಿ ಉಸಿರಿರಲಿಲ್ಲ.

ನನ್ನ ಪಕ್ಕದಲ್ಲಿ ಶೀನಣ್ಣ ಬೈರಾಸನ್ನು ತಲೆಯ ಮೇಲಕ್ಕೆತ್ತಿ ಬೀಸಿದರು. ಗದ್ದೆಯ ಆಚೆಯಿಂದ ಬಸ್ಸಿಗೆ ಬೀಸುವಂತೆ. ಬೀಸಿ, ನಲುವತ್ತು ವರ್ಷ ಮೈಕಿಲ್ಲದೆ ಆರ್ಭಟಿಸಿದ ಗಂಟಲಿನಿಂದ, "ಓಯ್! ಜನ ಉಂಟು!" ಎಂದರು.

ಇಡೀ ನಿಲ್ದಾಣ ತಿರುಗಿತು. ಆ ಹೆಂಗಸಿನ ಕೈ ಪಟ್ಟಿಯ ಮೇಲೆಯೇ ನಿಂತಿತು. ಅರ್ಧ ಕೆಂಪು ಮುಖವೊಂದು ತನ್ನ ಕಡೆಗೆ ಓಡಿ ಬರುವುದನ್ನು ಕಣ್ಣು ಬಿಟ್ಟು ನೋಡಿ, ಅವಳು ಕೈಯಲ್ಲಿದ್ದ ವೈರ್‌ಲೆಸ್ಸನ್ನು ಬಾಯಿಗೆ ಹಿಡಿದಳು. "ಟು ಮೋರ್" ಎಂದಳು. ನಾವು ಗೇಟು ಮುಟ್ಟುವ ಮೊದಲೇ ಅದು "ಜನ ಉಂಟು" ಎಂದು ಕನ್ನಡಕ್ಕೆ ಅನುವಾದವಾಗಿ ನನ್ನ ಕಿವಿಗೆ ಬಿತ್ತು.

ವಿಮಾನದ ಒಳಗೆ ಕಾಲಿಟ್ಟರೆ ಅಲ್ಲಿ ಇದ್ದದ್ದು ಮುಂಬಯಿಯಲ್ಲ, ನಮ್ಮ ಊರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಶೀನಣ್ಣನನ್ನು ಕಂಡು ಸೀಟಿನಲ್ಲೇ ಕೈಮುಗಿದರು. "ಓ, ಬಣ್ಣದ ವೇಷ! ಎಲ್ಲಿ ಆಟ?" ಎಂದು ಹಿಂದಿನಿಂದ ಒಬ್ಬರು ಕೂಗಿದರು. "ಮುಂಡಾಜೆಯಲ್ಲಿ, ಬನ್ನಿ!" ಎಂದು ಶೀನಣ್ಣ ಅಕ್ಕನ ಪರವಾಗಿ ಇಡೀ ವಿಮಾನಕ್ಕೆ ಹೇಳಿಕೆ ಕೊಟ್ಟರು. "ಅರ್ಧ ಬಣ್ಣಕ್ಕೆ ಅರ್ಧ ಟಿಕೇಟಾ?" ಎಂದ ಇನ್ನೊಬ್ಬ. ಎಲ್ಲರೂ ನಗುತ್ತಿದ್ದರು. ನಾನು ಬೆಲ್ಟು ಕಟ್ಟಿಕೊಳ್ಳಲು ಹೋದರೆ ಬೆರಳುಗಳು ಕೇಳುತ್ತಿರಲಿಲ್ಲ, ಶೀನಣ್ಣನೇ ಕಟ್ಟಿಕೊಟ್ಟರು. ವಿಮಾನ ಏರುವ ಮೊದಲೇ ಅವರು ನನ್ನ ಬಲ ಭುಜದ ಮೇಲೆ ಎಡ ಕೆನ್ನೆಯಿಟ್ಟು ನಿದ್ದೆ ಹೋದರು. ಕಲೆ ಆದದ್ದು ಆಗ. ನಾನು ಅಲ್ಲಾಡಲಿಲ್ಲ.

ಮಂಗಳೂರಿನಲ್ಲಿ ಟ್ರಂಕು ಎಲ್ಲಕ್ಕಿಂತ ಕೊನೆಗೆ ಬಂತು. ಬರುವವರೆಗೆ ನಾನು ಸತ್ತು ಸತ್ತು ಹುಟ್ಟಿದೆ. ಕಾರು ಮೂಡಬಿದಿರೆ, ವೇಣೂರು ದಾಟಿ ಬೆಳ್ತಂಗಡಿಯ ಕಡೆ ಹೋಗುವಾಗ ಅಕ್ಕನ ಫೋನು.

"ಎಲ್ಲಿದ್ದೀ?"

"ಗುರುವಾಯನಕೆರೆ."

"ಶೀನಣ್ಣ?"

"ಪಕ್ಕದಲ್ಲೇ ಇದ್ದಾರೆ. ಸ್ವಲ್ಪ ಬಣ್ಣ ಆಗಿದೆ."

"ಎಂತ?"

"ಬಂದ ಮೇಲೆ ಹೇಳ್ತೇನೆ."

ಆರಕ್ಕೆ ಹತ್ತು ನಿಮಿಷವಿರುವಾಗ ಮುಟ್ಟಿದೆವು. ಅಕ್ಕ ಕಾರಿನ ಬಾಗಿಲು ತಾನೇ ತೆರೆದಳು. ಶೀನಣ್ಣನ ಮುಖ ನೋಡಿ ಬಾಯಿಗೆ ಕೈ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಓದಿದವನು ನೀನು" ಎಂದಳು. ಅಷ್ಟೇ. ಮತ್ತೆ ನನ್ನೊಡನೆ ಮಾತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚೌಕಿಯಲ್ಲಿ ಶೀನಣ್ಣ ಉಳಿದ ಅರ್ಧಕ್ಕೆ ಕೂತರು. ಭಾವ ಕೋಲು ಊರಿಕೊಂಡು ಬಂದು ಅವರೆದುರು ಕುರ್ಚಿ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಕನ್ನಡಿ ಹಿಡಿದರು. ತಾಸುಗಟ್ಟಲೆ ಹಿಡಿದರು. ಮುಖದ ಬಣ್ಣದ ಮೇಲೆ ಅಕ್ಕಿಹಿಟ್ಟಿನ ಬಿಳಿ ಚುಟ್ಟಿ ಮುಳ್ಳುಮುಳ್ಳಾಗಿ ಎದ್ದು ಬಂತು. ಕೊನೆಯಲ್ಲಿ ಶೀನಣ್ಣ ಮುಖ ಎತ್ತಿ, "ಎರಡೂ ಬದಿ ಸಮ ಉಂಟಾ ನೋಡಿ" ಎಂದರು.

ಭಾವ ಬಹಳ ಹೊತ್ತು ನೋಡಿದರು. "ಎಡದ ಕಣ್ಣು ಸ್ವಲ್ಪ ದೊಡ್ಡದಾಗಿದೆ ಶೀನಣ್ಣ."

"ಅದು ಮುಂಬಯಿಯಲ್ಲಿ ತೆರೆದದ್ದು" ಎಂದರು ಶೀನಣ್ಣ. "ಇನ್ನು ಸಣ್ಣ ಆಗ್ಲಿಕ್ಕಿಲ್ಲ. ಬಲದ್ದನ್ನೂ ಅಷ್ಟೇ ತೆರೆಯುವ."

ಒಂಬತ್ತಕ್ಕೆ ಐದು ನಿಮಿಷವಿರುವಾಗ ಚೆಂಡೆಯ ಪೆಟ್ಟು ಬದಲಾಯಿತು. ಸಭೆಯ ಹಿಂದಿನಿಂದ, ಬೆಂಕಿಯ ನಡುವಿನಿಂದ, ಇಷ್ಟು ವರ್ಷ ನಾನು ಕಂಡದ್ದಕ್ಕಿಂತ ದೊಡ್ಡ ಕಣ್ಣುಗಳ ರಕ್ಕಸ ಆರ್ಭಟಿಸುತ್ತಾ ಅಕ್ಕನ ಅಂಗಳಕ್ಕೆ ಬಂದ. ಮಕ್ಕಳು ಚೀರಿ ಓಡಿದರು. ಎದುರಿನ ಕುರ್ಚಿಯಲ್ಲಿ ಭಾವ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಬಾಯಿ ತೆರೆದು ನಗುತ್ತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಅಕ್ಕ, ಸಂಜೆಯಿಂದ ನನ್ನ ಕಡೆ ಮುಖ ತಿರುಗಿಸದಿದ್ದವಳು, ಆ ಆರ್ಭಟಕ್ಕೆ ಬೆಚ್ಚಿ ನನ್ನ ಕೈ ಹಿಡಿದುಕೊಂಡಳು. ರಕ್ಕಸ ರಂಗಸ್ಥಳ ಹತ್ತಿ ಮೂರು ಸುತ್ತು ಕುಣಿದು ನಿಂತ ಮೇಲೂ ಬಿಡಲಿಲ್ಲ.